ಐರ್ಲೆಂಡಿನ ದುಡ್ಡಿಗೆ ಶಿರಸಿಯ ಮುಹೂರ್ತ

ಐರ್ಲೆಂಡಿನ ಬ್ಯಾಂಕಿನಿಂದ ಜರ್ಮನಿಯ ಬ್ಯಾಂಕಿಗೆ ದುಡ್ಡು ಹೋಗಲು ಹತ್ತು ಸೆಕೆಂಡು ಸಾಕಂತೆ. ಶಿರಸಿಯ ಕಮಲಾಕರ ಹೆಗಡೆಯವರ ಅಪ್ಪಣೆ ಸಿಗಲು ಮಾತ್ರ ನಾಲ್ಕು ದಿನ ಬೇಕು.

ದುಡ್ಡು ಅವರದ್ದಲ್ಲ, ಸೊಸೆ ಗಗನಾಳದ್ದು. ಅವಳು ಐರ್ಲೆಂಡಿನ ಕಾರ್ಕ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸು. ಗಂಡ ನಂದನ ಜರ್ಮನಿಯಲ್ಲಿ ಓದುತ್ತಿದ್ದಾನೆ. ಎರಡು ವರ್ಷದ ಕೋರ್ಸನ್ನು ಐದು ವರ್ಷದಿಂದ ಓದುತ್ತಿದ್ದಾನೆ. ನಿಧಾನವಾಗಿ ಓದಿದ್ದು ತಲೆಯಲ್ಲಿ ಭದ್ರವಾಗಿ ಕೂರುತ್ತದೆ ಎಂದು ಅವನ ತಾಯಿ ಸೀತಮ್ಮ ಕೇಳಿದವರಿಗೂ ಕೇಳದವರಿಗೂ ಹೇಳುತ್ತಾರೆ. ಮದುವೆಯಾದ ಹನ್ನೆರಡನೇ ದಿನಕ್ಕೆ ಅವನು ವಿಮಾನ ಹತ್ತಿದ. ಗಗನಾ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಲೇ ಪರೀಕ್ಷೆ ಬರೆದು, ಯಾರ ಶಿಫಾರಸೂ ಇಲ್ಲದೆ ಐರ್ಲೆಂಡಿಗೆ ಹೋದಳು. ಅವಳಿಗೆ ಮೊದಲ ಸಂಬಳ ಬಂದ ದಿನವೇ ಹೆಗಡೆಯವರಿಗೆ ಒಂದು ತತ್ವ ಹೊಳೆಯಿತು: ಒಂದು ಮನೆಗೆ ಒಂದೇ ತಿಜೋರಿ ಇರಬೇಕು. ತಿಜೋರಿ ಎಂದರೆ ಗಂಡನ ಖಾತೆ. ಅದಕ್ಕೆ ತಿಂಗಳು ತಿಂಗಳು ಸಾವಿರದ ಐನೂರಾ ಒಂದು ಯೂರೋ ಹೋಗಬೇಕು. ಸಾವಿರದ ಐನೂರು ಜರ್ಮನಿಯಲ್ಲಿ ಫ್ಲ್ಯಾಟು ಕೊಳ್ಳಲು, ಮೇಲಿನ ಒಂದು ಶುಭಕ್ಕೆ. ಫ್ಲ್ಯಾಟಾದ ಮೇಲೆ ಸೊಸೆಯೂ ಅಲ್ಲಿಗೆ ಹೋಗಿ ಸುಖವಾಗಿರುವುದು. ಸುಖದ ತಾರೀಕು ಮಾತ್ರ ಯಾವ ಪಂಚಾಂಗದಲ್ಲೂ ಅಚ್ಚಾಗಿರಲಿಲ್ಲ.

ಮೊದಲ ತಿಂಗಳಲ್ಲೇ ಗಗನಾ ಫೋನಿನಲ್ಲಿ ಹೇಳಿದ್ದಳು. "ಮಾವ, ಬ್ಯಾಂಕಲ್ಲಿ ಸ್ಟ್ಯಾಂಡಿಂಗ್ ಆರ್ಡರ್ ಹೇಳಿ ಇರ್ತು. ಒಂದ್ಸಲ ಹಾಕಿಟ್ರೆ ಆತು, ಪ್ರತಿ ತಿಂಗಳು ಒಂದನೇ ತಾರೀಕಿಗೆ ತನ್ನಷ್ಟಕ್ಕೇ ಹೋಗ್ತು."

"ಒಂದನೇ ತಾರೀಕಿಗೆ ಅಮಾಸೆ ಬಿದ್ರೆ?" ಎಂದರು ಹೆಗಡೆಯವರು. "ಬ್ಯಾಂಕಿನವಕ್ಕೆ ಎಂತ ಗೊತ್ತಿದ್ದು? ದಿನ ಆನು ಹೇಳ್ತೆ. ನೀನು ಕಳಸು, ಸಾಕು."

ಯಾವ ಊರಿನ ರಾಹುಕಾಲ ನೋಡಬೇಕು ಎಂಬ ಪ್ರಶ್ನೆಯೂ ಒಮ್ಮೆ ಎದ್ದಿತ್ತು. ಸೂರ್ಯ ಕಾರ್ಕಿನಲ್ಲಿ ಒಂದು ಹೊತ್ತಿಗೆ ಹುಟ್ಟುತ್ತಾನೆ, ಜರ್ಮನಿಯಲ್ಲಿ ಇನ್ನೊಂದು ಹೊತ್ತಿಗೆ. ಹೆಗಡೆಯವರು ಎದ್ದು ಹೋಗಿ ಎಲೆಯಡಿಕೆಯ ಕವಳ ಉಗಿದು ಬಂದು ತೀರ್ಪು ಕೊಟ್ಟರು: ಈ ಮನೆತನದ ಸೂರ್ಯ ಹುಟ್ಟುವುದು ಶಿರಸಿಯಲ್ಲಿ. ಹಾಗಾಗಿ ಇಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಶುಭಗಳಿಗೆ ಎಂದಾದರೆ, ಗಗನಾ ಅಲ್ಲಿ ನಸುಕಿನ ನಾಲ್ಕೂವರೆಗೆ ಅಲಾರಂ ಇಟ್ಟು ಎದ್ದು ಗುಂಡಿ ಒತ್ತಬೇಕು. ಒತ್ತುತ್ತಿದ್ದಳು.

ಆ ದಿನ, ಆ ಗಳಿಗೆಯನ್ನು ಅವಳಿಗೆ ವಾಟ್ಸಾಪಿನಲ್ಲಿ ಬರೆದು ತಿಳಿಸುತ್ತಿದ್ದವಳು ತಂಗಿ ಭೂಮಿಕಾ.

ಭೂಮಿಕಾಳಿಗೆ ಇಪ್ಪತ್ತೆರಡು ವರ್ಷ. ಓದು ಒಂಬತ್ತನೆಯ ತರಗತಿಗೇ ನಿಂತಿತ್ತು. ಅಕ್ಕ ನರ್ಸಿಂಗ್ ಸೇರಿದ ವರ್ಷ ಮಂಚಿಕೇರಿಯ ತವರು ಮನೆಯಿಂದ ಒಬ್ಬಳ ಫೀಸನ್ನಷ್ಟೇ ಕಟ್ಟಲು ಆಗುತ್ತಿತ್ತು. ಅಕ್ಕನ ಮದುವೆಯಾದ ಮೇಲೆ ಹೆಗಡೆಯವರೇ ಅವಳನ್ನು ಶಿರಸಿಗೆ ಕರೆಸಿಕೊಂಡರು. ಯಲ್ಲಾಪುರ ರಸ್ತೆಯ ಒಂದು ಓಣಿಯಲ್ಲಿ ಅವರದ್ದು ಮದುವೆ, ಉಪನಯನದ ಕರೆಯ ಕಾಗದ ಮುದ್ರಿಸುವ ಪ್ರೆಸ್ಸು. ಕೆಳಗೆ ಪ್ರೆಸ್ಸು, ಮೇಲೆ ಮನೆ. ಭೂಮಿಕಾ ಕೆಳಗೆ ಕಾಗದ ಮಡಚಬೇಕು, ಮೇಲೆ ಪಾತ್ರೆ ತೊಳೆಯಬೇಕು. ಅವಳು ಕೆಲಸದವಳಲ್ಲ, ಮನೆಯವಳ ಹಾಗೆ. ಮನೆಯವಳ ಹಾಗೆ ಎಂದರೆ ಸಂಬಳ ಕೊಡಬೇಕಾಗಿಲ್ಲ ಎಂದು ಅರ್ಥ.

ಅವಳು ಮಾತಾಡುವುದು ಕಡಿಮೆ. ಎರಡು ವರ್ಷದಲ್ಲಿ ಹೆಗಡೆಯವರ ಎದುರು ಹೂಂ, ಉಹೂಂ, ಬಂದೆ ಇಷ್ಟನ್ನು ಬಿಟ್ಟು ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಆದರೆ ಓದುವಾಗ ಮಾತ್ರ ಅವಳ ಗಂಟಲು ಬಿಡುತ್ತಿತ್ತು, ಏಕೆಂದರೆ ಅದು ಬೇರೆಯವರ ಮಾತು. ಕಾಗದದ ಕರಡು ತಿದ್ದುವಾಗ ಗಿರಾಕಿ ಬರೆದುಕೊಟ್ಟ ಮೂಲವನ್ನು ಅವಳು ದೊಡ್ಡದಾಗಿ ಓದಬೇಕು. ಕಣ್ಣಿನ ಪೊರೆಯ ಹೆಗಡೆಯವರು ಭೂತಕನ್ನಡಿ ಹಿಡಿದು ಅಚ್ಚಿನ ಮೇಲೆ ಬೆರಳಾಡಿಸುತ್ತ ಕೇಳುವರು. ಅಲ್ಪವಿರಾಮ ಬಂದರೆ ಅಲ್ಪವಿರಾಮ ಎಂದೇ ಓದಬೇಕು. "ಒಂದಕ್ಷರ ಬಿಡಡ ಕೂಸೆ. ಎರಡು ಸಲ ಓದವು. ಕಾಗದ ತಪ್ಪಿದ್ರೆ ಸಂಸಾರ ತಪ್ತು" ಎನ್ನುವರು.

ಪಂಚಾಂಗ ಓದುವಾಗ ಅದೇ ಹೆಗಡೆಯವರದ್ದು ಬೇರೆ ನಿಯಮ. ಅಲ್ಲಿ ಒಂದೊಂದು ದಿನದ ಸಾಲಿನಲ್ಲೂ ವಾರ, ತಿಥಿ, ನಕ್ಷತ್ರ, ಯೋಗ, ಕರಣ ಎಂದು ಐದು ಮನೆಗಳಿರುತ್ತವೆ. ಗಿರಾಕಿಯ ಮದುವೆಯಾದರೆ ಐದನ್ನೂ ಓದಬೇಕು. ಐದರಲ್ಲಿ ಒಂದು ಕೊಂಕು ಸಿಕ್ಕರೆ ದಿನ ಬದಲಾಗುತ್ತದೆ, ದಿನ ಬದಲಾದರೆ ಕಾಗದ ಮರುಮುದ್ರಣವಾಗುತ್ತದೆ. ಸೊಸೆಯ ದುಡ್ಡಾದರೆ, "ವಾರ, ತಿಥಿ ಹೇಳು ಸಾಕು. ಬಾಕಿದ್ದು ಬೇಡ." ಬಾಕಿದ್ದನ್ನು ಓದಿದರೆ ದಿನ ಮುಂದೆ ಹೋಗುತ್ತದೆ, ದುಡ್ಡೂ ಮುಂದೆ ಹೋಗುತ್ತದೆ. ಭೂಮಿಕಾ ಇದನ್ನು ಎರಡನೆಯ ತಿಂಗಳಿಗೇ ಗಮನಿಸಿದ್ದಳು.

ಆ ವರ್ಷ ಅಧಿಕ ಜ್ಯೇಷ್ಠ ಬಂತು. ಮದುವೆಯಿಲ್ಲ, ಮುಂಜಿಯಿಲ್ಲ, ಪ್ರೆಸ್ಸಿನಲ್ಲಿ ನೊಣ ಹೊಡೆಯುವ ಕೆಲಸ. ಬಂದ ಗಿರಾಕಿಗಳಿಗೆ ಹೆಗಡೆಯವರು, ಅಧಿಕ ಮಾಸದಲ್ಲಿ ಯಾವುದೂ ಆಗುವುದಿಲ್ಲ ಎಂದು ಹೇಳಿ ಕಳಿಸುತ್ತಿದ್ದರು. ಅವರು ಅತ್ತ ಹೋದ ಕೂಡಲೇ ಭೂಮಿಕಾಳ ಕಡೆ ತಿರುಗಿ, "ನಿನ್ನ ಅಕ್ಕಂಗೆ ಸಂಬಳ ಇಪ್ಪತ್ತೆಂಟಕ್ಕೆ ಆಗ್ತಡ, ಕೇಳಿದ್ಯ?" ಎನ್ನುವರು. ದುಡ್ಡು ಬರುವುದಕ್ಕೆ ಅಧಿಕ ಮಾಸ ಅಡ್ಡವಲ್ಲ.

ಮೇ ಇಪ್ಪತ್ತೊಂಬತ್ತರ ಬೆಳಿಗ್ಗೆ ಗಗನಾಳ ಧ್ವನಿ ಸಂದೇಶ ಬಂತು. ಭೂಮಿಕಾ ಕಾಗದದ ಕಟ್ಟುಗಳ ಹಿಂದೆ ಕುಳಿತು ಫೋನು ಕಿವಿಗಿಟ್ಟುಕೊಂಡಳು.

"ಭೂಮಿ, ಒಂದು ರೂಮು ಸಿಕ್ಕಿದ್ದು. ಆಸ್ಪತ್ರೆಗೆ ನಡ್ಕಂಡೇ ಹೋಪಲಾಗ್ತು. ಕಿಟಕಿ ಇದ್ದು, ಬಾಗಿಲಿಗೆ ಚಿಲಕ ಇದ್ದು. ಇಲ್ಲಿ ನಾಲ್ಕಾರು ಜನ ಸೇರಿ ಇಪ್ಪ ಮನೆಯ ನಡುಕೋಣೆಯಲ್ಲಿ ಪರದೆ ಕಟ್ಕಂಡು ಮಲಗಿ ಹದಿನಾಲ್ಕು ತಿಂಗಳಾತು. ರಾತ್ರಿ ಪಾಳಿ ಮುಗ್ಸಿ ಬಂದು ಕಣ್ಣು ಮುಚ್ಚದ್ರೊಳಗೆ ಉಳಿದವ್ವು ಟೀವಿ ಹಾಕ್ತ. ಹತ್ತನೇ ತಾರೀಕಿನೊಳಗೆ ಅಡ್ವಾನ್ಸು, ಮೊದಲ ತಿಂಗಳ ಬಾಡಿಗೆ ಎರಡೂ ಕಟ್ಟವು. ಅದು ಕಟ್ಟಿದ್ರೆ ಈ ಸಲ ಜರ್ಮನಿಗೆ ಕಳ್ಸಲಾಗ್ತಿಲ್ಲೆ. ಕಳಸ್ತಿಲ್ಲೆ ಹೇಳಿ ಮಾವನತ್ರ ಹೇಳ್ಲೆ ಧೈರ್ಯ ಇಲ್ಲೆ ನಂಗೆ. ಹೇಳಿದ್ರೆ ಮಧ್ಯಾಹ್ನದೊಳಗೆ ಮಂಚಿಕೇರಿಗೆ ಫೋನು ಹೋಗ್ತು, ಆಯಿ ಅಳ್ತು, ನಿನ್ನ ಗಂಟುಮೂಟೆ ಕಟ್ಟಿಸಿ ಮನೆಗೆ ಕಳಸ್ತ. ಅವು ಹತ್ತರ ಮೇಲಿನ ದಿನ ಕೊಟ್ರೆ ಮಾತ್ರ ಬಚಾವು. ನೋಡನ ಬಿಡು."

ಭೂಮಿಕಾ "ಹೂಂ" ಎಂದು ಬರೆದು ಕಳಿಸಿದಳು. ಹದಿನಾಲ್ಕು ತಿಂಗಳಿಂದ ಅಕ್ಕ ಪರದೆಯ ಹಿಂದೆ ಮಲಗುತ್ತಿದ್ದಾಳೆ ಎಂಬುದು ಅವಳಿಗೆ ಅಂದೇ ಗೊತ್ತಾದದ್ದು.

ಅಂದು ಮಧ್ಯಾಹ್ನ ಬನವಾಸಿ ಕಡೆಯ ಕಾಳುಕಡಿ ವ್ಯಾಪಾರಿ ಪರಮೇಶ್ವರಪ್ಪ ಬಂದರು. ಮಗಳು ಸ್ಫೂರ್ತಿಯ ಮದುವೆಯ ಕಾಗದದ ಕರಡು ನೋಡಬೇಕಿತ್ತು. ಅವರು ಮೊದಲು ಇಟ್ಟುಕೊಂಡಿದ್ದ ದಿನದಲ್ಲಿ ವಿಷ್ಟಿ ಕರಣವಿದೆ, ಅದು ಕೆಲಸ ಕೆಡಿಸುವ ಕರಣ ಎಂದು ಹೆಗಡೆಯವರೇ ಹೆದರಿಸಿ ದಿನ ಬದಲು ಮಾಡಿಸಿದ್ದರು.

"ಹಾಲ್‌ನ ಅಡ್ವಾನ್ಸ್ ಹದಿನೆಂಟು ಸಾವಿರ ಹೋತ್ರಿ ಹೆಗಡೇರ" ಎಂದರು ಪರಮೇಶ್ವರಪ್ಪ, ಕುರ್ಚಿಯಲ್ಲಿ ಕೂರುತ್ತ. "ಹೋಗ್ಲಿ ಬಿಡ್ರಿ. ಮಗಳಕಿಂತ ದೊಡ್ಡದೇನ ಅದು? ನೀವು ಹೇಳದಿದ್ರ ಆ ವಿಷ್ಟಿ ಅನ್ನೂದು ನಮಗೆಲ್ಲಿ ತಿಳೀತಿತ್ತು."

ಹೊಗಳಿಕೆ ಕಿವಿಗೆ ಬಿದ್ದರೆ ಹೆಗಡೆಯವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. "ಶಾಸ್ತ್ರ ಅಂದ್ರೆ ಶಾಸ್ತ್ರ, ಪರಮೇಶ್ವರಪ್ಪನವರೇ. ನಿಮಗೊಂದು ನಮಗೊಂದು ಇಲ್ಲ. ನಮ್ಮ ಮನೆಯದ್ದೇ ಹೇಳ್ತೇನೆ ಕೇಳಿ. ಸೊಸೆ ಐರ್ಲೆಂಡಿನಲ್ಲಿ, ಮಗ ಜರ್ಮನಿಯಲ್ಲಿ. ಯುರೋಪಿನ ಒಂದು ದೇಶದ ಬ್ಯಾಂಕಿನಿಂದ ಇನ್ನೊಂದು ದೇಶದ ಬ್ಯಾಂಕಿಗೆ ತಿಂಗಳು ತಿಂಗಳು ದುಡ್ಡು ಹೋಗ್ತದೆ. ಈ ಟೇಬಲ್ಲಿನಿಂದ ನಾನು ಹೂಂ ಅನ್ನದೆ ಒಂದು ಯೂರೋ ಅಲುಗಾಡೂದಿಲ್ಲ!"

"ಅಬಬಾ! ಅದಕ್ಕೂ ಮುಹೂರ್ತ ಏನ್ರಿ?"

"ಮತ್ತೆ? ನಿಮ್ಮ ಎದುರಿಗೇ ದಿನ ತೆಗೀತೇನೆ ನೋಡಿ. ಏ ಕೂಸೆ, ಪಂಚಾಂಗ ತಗಂಡು ಬಾ. ಜೂನ್ ಒಂದರಿಂದ ಓದು."

ಭೂಮಿಕಾ ಪಂಚಾಂಗ ತಂದು ನಿಂತಳು. ವಾರ, ತಿಥಿ ಸಾಕು ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಆ ಮಾತನ್ನು ಹೆಗಡೆಯವರು ಗಿರಾಕಿಯ ಎದುರು ಹೇಳುವ ಹಾಗಿರಲಿಲ್ಲ, ಹೇಳಲೂ ಇಲ್ಲ. ಅವಳ ಕಣ್ಣು ಮೇಜಿನ ಮೇಲಿದ್ದ ಕಾಗದದ ಕರಡಿನ ಮೇಲೆ ಹೋಯಿತು. ಒಂದಕ್ಷರ ಬಿಡಡ. ಸರಿ, ಬಿಡುವುದಿಲ್ಲ.

"ಜೂನ್ ಒಂದು, ಸೋಮವಾರ, ಪಾಡ್ಯ, ಜ್ಯೇಷ್ಠಾ ನಕ್ಷತ್ರ—"

"ಹಾಂ, ಸೋಮವಾರ ಅಡ್ಡಿಯಿಲ್ಲ" ಎಂದರು ಹೆಗಡೆಯವರು.

"ಜ್ಯೇಷ್ಠಾ ನಂದನ ಭಾವನ ಜನ್ಮನಕ್ಷತ್ರ" ಎಂದಳು ಭೂಮಿಕಾ. ಮೂಲದಲ್ಲಿರದ ಮಾತು ಅದೊಂದೇ. ಆದರೆ ಪಂಚಾಂಗದ ಅಂಚಿನಲ್ಲಿ ಅದನ್ನು ಹೆಗಡೆಯವರೇ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದರು.

"ಜನ್ಮನಕ್ಷತ್ರ ನಡ್ಯಾಂಗಿಲ್ಲಲ್ರಿ?" ಎಂದರು ಪರಮೇಶ್ವರಪ್ಪ. "ನನ್ನ ಅಳಿಯಂದೂ ನೀವು ಹಂಗ ಬಿಟ್ರಲ್ಲ."

"ಹೌದ್ಹೌದು. ಮುಂದೆ."

ಎರಡನೆಯದು ಮಂಗಳವಾರ, ಕೇಳುವ ಹಾಗೇ ಇಲ್ಲ. ಮೂರು ಬುಧವಾರ, ತದಿಗೆ. ಹೆಗಡೆಯವರ ಮುಖ ಅರಳಿತು. ಭೂಮಿಕಾ ನಕ್ಷತ್ರ ಓದಿದಳು, ಯೋಗ ಓದಿದಳು, ಆಮೇಲೆ ಅದೇ ತೆಳ್ಳಗಿನ ಧ್ವನಿಯಲ್ಲಿ ಓದಿದಳು: "ವಿಷ್ಟಿ ಕರಣ."

ಪರಮೇಶ್ವರಪ್ಪ ಹಾವು ತುಳಿದವರಂತೆ ಕಾಲು ಮೇಲೆತ್ತಿದರು. ಹದಿನೆಂಟು ಸಾವಿರ ಕೊಟ್ಟು ಕಲಿತ ಶಬ್ದ ಅದು. "ಬ್ಯಾಡ್ರಿ ಹೆಗಡೇರ! ಆ ಪೀಡಾ ನಿಮಗ್ಯಾಕ?"

"ಬೇಡ, ಬೇಡ. ಮುಂದೆ ಓದು. ಬೇಗ ಓದು."

ನಾಲ್ಕು ಚತುರ್ಥಿ, ರಿಕ್ತ ತಿಥಿ. ಅಂದು ಮಾಡಿದ ಕೆಲಸ ಬರಿದಾಗುತ್ತದೆ ಎಂದು ಹೆಗಡೆಯವರೇ ನೂರು ಜನರಿಗೆ ಹೇಳಿದ್ದರು. ಐದು ಶುಕ್ರವಾರ ಪಂಚಮಿ. ಅದರಲ್ಲಿ ಕೊಂಕೇ ಇರಲಿಲ್ಲ. ಭೂಮಿಕಾ ಐದೂ ಮನೆ ಓದಿ ನಿಲ್ಲಿಸಿದಳು. ಹೆಗಡೆಯವರು ಮೇಜು ಕುಟ್ಟಿದರು. "ಆಯ್ತು ನೋಡಿ! ಶುಕ್ರವಾರ ಲಕ್ಷ್ಮಿ ಬರುವ ದಿನ!"

ಪರಮೇಶ್ವರಪ್ಪ ತಲೆ ಕೆರೆದುಕೊಂಡರು. "ಬರೂದು ನಿಮ್ಮ ಮಗಗ್ರಿ. ಸೊಸೀ ಕಡಿಂದ ಹೋಗೂದಲ್ಲ ಅದು? ಶುಕ್ರವಾರ ಹೆಣ್ಮಗಳ ಕೈಲೆ ರೊಕ್ಕ ಹೊರಗ ಕೊಡಸ್ತಾರೇನ್ರಿ? ನಮ್ಮ ಮನ್ಯಾಕಿ ಮುರಿಗೆವ್ವ ಶುಕ್ರವಾರ ಮೊಸರಿಗೆ ಹೆಪ್ಪು ಸುದ್ದಾ ಕೊಡಾಂಗಿಲ್ಲ."

"ಒಂದೇ ಮನೆಯ ದುಡ್ಡು, ಈ ಕಿಸೆಯಿಂದ ಆ ಕಿಸೆಗೆ—"

"ಎರಡು ದೇಶ ಅಂದ್ರಲ್ರಿ ಈಗ?"

ಮೇಲಿನಿಂದ ಚಹಾ ತಂದಿದ್ದ ಸೀತಮ್ಮ ಬಾಗಿಲಲ್ಲೇ ನಿಂತು, "ಅವು ಹೇಳದು ಸಮ ಇದ್ದು. ಶುಕ್ರವಾರ ಬ್ಯಾಡ" ಎಂದುಬಿಟ್ಟರು. ಮಗನ ಹೊಟ್ಟೆಗೆ ಹೊಡೆಯುತ್ತಿದ್ದೇನೆ ಎಂದು ಅವರಿಗೆ ತಿಳಿದಿದ್ದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು.

ಆರಕ್ಕೆ ಶನಿವಾರದ ಜೊತೆ ವೈಧೃತಿ ಎಂಬ ಕೆಟ್ಟ ಯೋಗ. ಏಳಕ್ಕೆ ಮತ್ತೆ ವಿಷ್ಟಿ. ಎಂಟು ಅಷ್ಟಮಿ. ಒಂಬತ್ತು ಮಂಗಳವಾರವೂ ಹೌದು, ನವಮಿಯೂ ಹೌದು. ಹತ್ತನೆಯ ಸಾಲಿನ ಕೊನೆಯ ಮನೆಗೆ ಬರುವ ಹೊತ್ತಿಗೆ ಪರಮೇಶ್ವರಪ್ಪನವರೇ ಅವಳಿಗಿಂತ ಮೊದಲು "ವಿಷ್ಟಿ?" ಎಂದರು. ಅವಳು ತಲೆಯಾಡಿಸಿದಳು. ಹೆಗಡೆಯವರು ಭೂತಕನ್ನಡಿ ಒರೆಸತೊಡಗಿದರು. ಎದುರಿಗೆ ಮರುಮುದ್ರಣದ ಗಿರಾಕಿ. ಈಗ ಒಂದು ದೋಷ ಕ್ಷಮಿಸಿದರೆ ಹದಿನೆಂಟು ಸಾವಿರದ ಪ್ರಶ್ನೆ ಎದ್ದು ನಿಲ್ಲುತ್ತದೆ.

"ಅಧಿಕ ಮಾಸ ನೋಡಿ" ಎಂದರು ಕೊನೆಗೆ, ದೊಡ್ಡ ಮನಸ್ಸು ಮಾಡಿದವರ ಹಾಗೆ. "ಇದು ಮುಗಿಯಲಿ. ಹದಿನೇಳರ ಮೇಲೆ ನೋಡುವಾ. ಕೂಸೆ, ನಿನ್ನ ಅಕ್ಕಂಗೆ ಬರಿ, ಅಲ್ಲಿವರೆಗೆ ಕಳ್ಸಲಾಗ ಹೇಳಿ."

ಭೂಮಿಕಾ ಬರೆದಳು. ಒಂದಕ್ಷರ ಬಿಡಲಿಲ್ಲ. ಹೋಗುವಾಗ ಪರಮೇಶ್ವರಪ್ಪ, "ಎಷ್ಟ ಚಂದ ಓದ್ತದ್ರೀ ಹುಡುಗಿ" ಎಂದರು. ಹೆಗಡೆಯವರು ಪಂಚಾಂಗ ಮುಚ್ಚಿಟ್ಟರು.

ಗಗನಾ ಎರಡನೇ ತಾರೀಕಿಗೆ ರೂಮಿನ ದುಡ್ಡು ಕಟ್ಟಿದಳು. ಆರಕ್ಕೆ ಒಂದು ಫೋಟೋ ಕಳಿಸಿದಳು. ಫೋಟೋದಲ್ಲಿ ಅವಳಿರಲಿಲ್ಲ, ಬಾಗಿಲಿನ ಚಿಲಕ ಇತ್ತು, ಹಾಕಿಕೊಂಡಿತ್ತು.

ಹನ್ನೊಂದರ ಗುರುವಾರ ಮಧ್ಯಾಹ್ನ ಎರಡೂಕಾಲಿಗೆ ನಂದನನ ಫೋನು ಬಂತು. ಹೆಗಡೆಯವರಿಗೆ ಫೋನಿನಲ್ಲಿ ಗುಂಡಿ ಕಾಣುವುದಿಲ್ಲವಾದ್ದರಿಂದ ಯಾವಾಗಲೂ ಸ್ಪೀಕರಿನಲ್ಲೇ ಮಾತು.

"ಅಪ್ಪಯ್ಯ, ಹನ್ನೊಂದು ತಾರೀಕಾತು! ದುಡ್ಡು ಬಂಜಿಲ್ಲೆ!"

"ದಿನ ಸಮ ಇಲ್ಯೋ ಮಾಣಿ. ಹದಿನೇಳರ ಮೇಲೆ—"

"ಹದಿನೇಳಾ? ಕಾರಿನ ಕಂತು ಐದಕ್ಕೇ ಇತ್ತು! ಬ್ಯಾಂಕಿನವ್ವು ದಂಡ ಹಾಕಿದ್ದ!"

"ಯಾವ ಕಾರು?"

ಜರ್ಮನಿ ಒಂದು ಸಲ ಕೆಮ್ಮಿತು.

"ಫ್ಲ್ಯಾಟಿಗೆ ಹೇಳಿ ಅಲ್ದನ ಕಳಸ್ತಿದ್ದದ್ದು?" ಎಂದರು ಹೆಗಡೆಯವರು.

"ಫ್ಲ್ಯಾಟು ನೋಡ್ಲೆ ತಿರಗಲಾದ್ರೂ ಕಾರು ಬೇಡ್ದ ಅಪ್ಪಯ್ಯ?"

ಭೂಮಿಕಾ ಕಾಗದ ಮಡಚುವುದನ್ನು ನಿಲ್ಲಿಸಲಿಲ್ಲ. ಈಗ ಈ ಮನುಷ್ಯನಿಗೆ ಸಿಟ್ಟು ಬರುತ್ತದೆ ಎಂದು ಅವಳು ಎಣಿಸಿದ್ದಳು. ಅಷ್ಟರ ಮಟ್ಟಿಗೆ ಅವರ ಮೇಲೆ ಅವಳಿಗೆ ಇನ್ನೂ ಗೌರವವಿತ್ತು. ಹೆಗಡೆಯವರು ಗಡ್ಡ ಸವರಿಕೊಂಡರು. ಸೀತಮ್ಮ ಮೆಟ್ಟಿಲ ಮೇಲಿನಿಂದ, "ಅಲ್ಲಿ ಚಳಿ ಅಲ್ದ, ಮಾಣಿ ನಡ್ಕಂಡು ತಿರಗಲಾಗ್ತ?" ಎಂದರು.

"ಅದೂ ಹೌದು" ಎಂದರು ಹೆಗಡೆಯವರು.

ಅಷ್ಟೇ. ಎರಡೇ ಶಬ್ದಕ್ಕೆ ಎಲ್ಲ ತೀರಿತು. ಒಬ್ಬಳು ಹದಿನಾಲ್ಕು ತಿಂಗಳು ಪರದೆಯ ಹಿಂದೆ ಮಲಗಿದ್ದಕ್ಕೆ ಇವರ ಮಗ ಬೆಚ್ಚಗೆ ತಿರುಗಿದ್ದು ಸಮ ಹೋಯಿತು.

"ಕೂಸೆ, ನಿನ್ನ ಅಕ್ಕಂಗೆ ಹಾಕು. ಈಗಲೇ, ಈ ನಿಮಿಷವೇ ಕಳಸವು."

ಭೂಮಿಕಾ ಗೋಡೆ ಗಡಿಯಾರ ನೋಡಿದಳು. "ಗುರುವಾರ ಒಂದೂವರೆಯಿಂದ ಮೂರರವರೆಗೆ ರಾಹುಕಾಲ" ಎಂದಳು.

"ರಾಹು ಹಾಳಾಗಿ ಹೋಗ್ಲಿ! ಹೇಳಿದ್ದು ಬರಿ. ಇನ್ನು ಮುಂದೆ ಪಂಚಾಂಗ ಗಿಂಚಾಂಗ ಎಂತದೂ ಬೇಡ. ಆ ಸ್ಟ್ಯಾಂಡಿಂಗ್ ಆರ್ಡರ್ ಹೇಳಿತ್ತಲ, ಅದನ್ನೇ ಹಾಕ್ಲೆ ಹೇಳು. ಒಂದನೇ ತಾರೀಕು. ಅಮಾಸೆ ಬರ್ಲಿ, ಗ್ರಹಣ ಬರ್ಲಿ."

ಅವಳು ಎಲ್ಲವನ್ನೂ ಬರೆದಳು, ಗ್ರಹಣವನ್ನೂ ಸೇರಿಸಿ. ಅದರ ಕೆಳಗೆ ಒಂದು ಸಾಲು ಬಿಟ್ಟು ತನ್ನದನ್ನು ಬರೆದಳು: "ಇಷ್ಟು ಮಾವ ಹೇಳಿದ್ದು. ಇದು ಆನು ಹೇಳದು. ಫ್ಲ್ಯಾಟು ಇಲ್ಲೆ. ದುಡ್ಡು ಕಾರಿಗೆ ಹೋಗ್ತಾ ಇತ್ತು, ಈಗಷ್ಟೇ ಭಾವನೇ ಹೇಳಿದ್ದು ಕೇಳಿದಿ. ನನ್ನ ಸಲುವಾಗಿ ನೀನು ಹೆದರಡ. ಆನು ಮಂಚಿಕೇರಿಗೆ ಹೋಪಲೆ ತಯಾರಿದ್ದಿ. ಆಯಿಗೆ ಆನೇ ಹೇಳ್ತೆ." ಅಕ್ಕನಿಗೂ ಅವಳು ಇಷ್ಟು ಉದ್ದ ಬರೆದದ್ದು ಅದೇ ಮೊದಲು. ಕಳಿಸಿ, ಮಡಚಿದ ಕಾಗದಗಳನ್ನು ನೂರರ ಕಟ್ಟು ಮಾಡಿ ದಾರ ಸುತ್ತಿದಳು.

ಉತ್ತರ ಬರಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ಹೆಗಡೆಯವರು ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ಸಲ "ಬಂತಾ?" ಎಂದರು. ಫೋನು ಗುಂಯ್‌ಗುಟ್ಟಿದಾಗ ಭೂತಕನ್ನಡಿಯನ್ನೇ ಎತ್ತಿಕೊಂಡರು, ಕಿವಿಗೆ ಅದರಿಂದ ಏನೋ ಉಪಯೋಗವಿದೆ ಎಂಬಂತೆ.

"ಓದು, ಓದು. ಬೇಕಾದಷ್ಟು ಓದು ಸಾಕು. ಹಾಕಿದ್ದಡವಾ?"

ಭೂಮಿಕಾ ಎದ್ದು ನಿಂತು ಓದಿದಳು.

"ಮಾವ ಅಲ್ಪವಿರಾಮ ನಿಂಗ ಹೇಳಿದಾಂಗೇ ಸ್ಟ್ಯಾಂಡಿಂಗ್ ಆರ್ಡರ್ ಹಾಕಿದ್ದಿ ಪೂರ್ಣವಿರಾಮ. ಪ್ರತಿ ತಿಂಗಳು ಒಂದನೇ ತಾರೀಕಿಗೆ ಐರ್ಲೆಂಡಿನ ನನ್ನ ಖಾತೆಯಿಂದ ಜರ್ಮನಿಯ ಅವರ ಖಾತೆಗೆ ಒಂದು ಯೂರೋ ಹೋಗ್ತು ಪೂರ್ಣವಿರಾಮ. ಶುಭಕ್ಕೆ ಹೇಳಿ ನಿಂಗ ಸೇರಿಸಿದ ಒಂದು ಅದು ಪೂರ್ಣವಿರಾಮ. ಬಾಕಿ ಸಾವಿರದ ಐನೂರು ಆನೇ ಇಟ್ಕತ್ತೆ ಪೂರ್ಣವಿರಾಮ. ಭೂಮಿ ಅಲ್ಪವಿರಾಮ ಸಂಜೆ ಯಲ್ಲಾಪುರ ಬಸ್ಸಿಗೆ ಮಂಚಿಕೇರಿಗೆ ಹೊರಡು ಪೂರ್ಣವಿರಾಮ."

ಮೆಟ್ಟಿಲ ಮೇಲೆ ಸೀತಮ್ಮನ ಕೈಯ ಲೋಟ ಎಲ್ಲೋ ತಾಗಿ ಸದ್ದಾಯಿತು. ಹೆಗಡೆಯವರ ಬೆರಳು ಬರಿಯ ಮೇಜಿನ ಮೇಲೆ ಅಚ್ಚಿನ ಸಾಲು ಹುಡುಕುವ ಹಾಗೆ ಓಡಾಡಿತು.

"ಎಂತ... ಎಂತ ಓದ್ದೆ? ಸಮಾ ಓದು. ಮತ್ತೊಂದು ಸಲ ಓದು!"

ಎರಡು ಸಲ ಓದಬೇಕೆಂಬುದು ಈ ಪ್ರೆಸ್ಸಿನ ನಿಯಮವೇ. ಭೂಮಿಕಾ ಫೋನನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಮೊದಲಿನಿಂದ ಶುರುಮಾಡಿದಳು. ಈ ಸಲ ಧ್ವನಿ ಓಣಿಯವರೆಗೂ ಹೋಯಿತು. ಎದುರಿನ ಅಂಗಡಿಯ ಹೊಲಿಗೆ ಮಶೀನು ನಿಂತಿತು.